ನಾಲ್ವರ ಚಿತ್ರ, ಒಂದೇ ಚೌಕಟ್ಟು: ಷರತ್ತು ಯಾರದು?

ನಮ್ಮಲ್ಲಿ ಸಿಪಾಯಿ ದಂಗೆಯ ಬೆಂಕಿ ಹೊತ್ತಿ ಉರಿಯುತ್ತಿದ್ದ 1857ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ಭಾರಿ ಕಲಾ ಪ್ರದರ್ಶನ ನಡೆದಿತ್ತು. ಅಲ್ಲಿ ಜನರ ಹುಬ್ಬೇರಿಸಿದ್ದು ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕನ ‘ಬದುಕಿನ ಎರಡು ದಾರಿಗಳು’ ಎಂಬ ಚಿತ್ರ. ಒಂದು ಕಡೆ ದುಡಿಮೆ, ಓದು, ದಯೆ. ಇನ್ನೊಂದು ಕಡೆ ಜೂಜು, ಕುಡಿತ, ಭೋಗ. ನಡುವೆ ಇಬ್ಬರು ಯುವಕರನ್ನು ಕರೆತರುತ್ತಿರುವ ಒಬ್ಬ ಹಿರಿಯ. ನೋಡಿದರೆ ಒಂದೇ ಸಲಕ್ಕೆ ತೆಗೆದ ಚಿತ್ರದಂತಿದೆ. ಆದರೆ ಅದು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೊಂದಾಗಿ ಮುದ್ರಿಸಿ ಹೊಂದಿಸಿದ್ದು. ಚಿತ್ರದಲ್ಲಿದ್ದ ನಗ್ನತೆಯ ಬಗ್ಗೆ ಟೀಕೆ ಬಂತು, ವಿಕ್ಟೋರಿಯಾ ರಾಣಿ ಪ್ರತಿಯೊಂದನ್ನು ಕೊಂಡ ಮೇಲೆ ಟೀಕೆಯ ಕಾವು ತುಸು ಇಳಿಯಿತು. ಆ ತುಣುಕುಗಳು ಯಾರವು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಎಲ್ಲ ನೆಗೆಟಿವ್‌ಗಳೂ ರೈಲಾಂಡರ್‌ನವೇ.

ಅವನು ವಾರಗಟ್ಟಲೆ ಮಾಡಿದ ಕೆಲಸವನ್ನು ಇಂದು ಕೈಯಲ್ಲೊಂದು ಮೊಬೈಲ್ ಇದ್ದವರು ಹತ್ತು ನಿಮಿಷದಲ್ಲಿ ಮಾಡಿ ಮುಗಿಸುತ್ತಾರೆ. ಊರ ಜಾತ್ರೆಯ ಕರಪತ್ರ, ರಾಜ್ಯೋತ್ಸವದ ಫ್ಲೆಕ್ಸ್, ಶಾಲೆಯ ಸ್ಮರಣ ಸಂಚಿಕೆಯ ಮುಖಪುಟ, ವಿಕಿಪೀಡಿಯದಲ್ಲಿ ನಗರಗಳ ಪುಟದ ಮೇಲ್ತುದಿಯಲ್ಲಿ ಕಾಣುವ ಚಿತ್ರಗುಚ್ಛ, ಇವೆಲ್ಲ ಹಲವು ಚಿತ್ರಗಳನ್ನು ಕೂಡಿಸಿ ಮಾಡಿದವು. ವ್ಯತ್ಯಾಸ ಇಷ್ಟೇ: ನೆಗೆಟಿವ್‌ಗಳು ಈಗ ನಮ್ಮವಲ್ಲ, ಬೇರೆಯವರವು. ‘ಇದನ್ನು ಬಳಸಿಕೊಳ್ಳಿ’ ಎಂದು ಮುಕ್ತ ಪರವಾನಗಿಯಡಿ ಬಿಟ್ಟ ಚಿತ್ರಗಳು ಅಂತರ್ಜಾಲದಲ್ಲಿ ಕೋಟಿಗಟ್ಟಲೆ ಇವೆ. ಅಂಥ ನಾಲ್ಕನ್ನು ಆಯ್ದು ಹೊಸ ಚಿತ್ರವೊಂದನ್ನು ಮಾಡಿದವರು ಅದನ್ನು ಯಾವ ಪರವಾನಗಿಯಡಿ ಪ್ರಕಟಿಸಬೇಕು? ತಮಗೆ ಇಷ್ಟ ಬಂದದ್ದರಡಿ ಎಂದು ಬಹಳ ಜನರ ನಂಬಿಕೆ. ವಾಸ್ತವವಾಗಿ ಆ ಆಯ್ಕೆ ಬಹುಮಟ್ಟಿಗೆ ಆಗಲೇ ಆಗಿಹೋಗಿರುತ್ತದೆ. ಆಯ್ಕೆ ಮಾಡಿದವರು ಮೂಲ ಚಿತ್ರ ತೆಗೆದವರು. ಈ ಸರಳ ಸಂಗತಿಯಿಂದಾಗಿ ಎರಡು ದೊಡ್ಡ ಚಿತ್ರಭಂಡಾರಗಳು ವರ್ಷಗಟ್ಟಲೆ ಒಂದಕ್ಕೊಂದು ಕೂಡಲಾರದೆ ನಿಂತಿದ್ದವು.

ಕತ್ತರಿಯಿಂದ ಕೋರ್ಟಿಗೆ

ಬೇರೆಯವರ ಚಿತ್ರ ಕತ್ತರಿಸಿ ಅಂಟಿಸುವುದನ್ನೇ ಒಂದು ಕಲೆಯಾಗಿ ಬೆಳೆಸಿದವರು ಮೊದಲ ಮಹಾಯುದ್ಧದ ಕಾಲದ ಬರ್ಲಿನ್ನಿನ ಡಾಡಾ ಕಲಾವಿದರು. ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಹಾನಾ ಹೋಖ್ ಸಚಿತ್ರ ಪತ್ರಿಕೆಗಳ ಪುಟಗಳಿಗೇ ಕತ್ತರಿ ಹಾಕಿ, ರಾಜಕಾರಣಿಗಳ ತಲೆಯನ್ನು ನರ್ತಕಿಯರ ಮೈಗೆ ಅಂಟಿಸಿದಳು. ಜಾನ್ ಹಾರ್ಟ್‌ಫೀಲ್ಡ್ 1930ರ ದಶಕದಲ್ಲಿ ಇದೇ ವಿದ್ಯೆಯನ್ನು ಹಿಟ್ಲರನ ವಿರುದ್ಧ ತಿರುಗಿಸಿದ. ಅನುಮತಿ ಪತ್ರ ಬರೆಯುತ್ತ ಕೂರುವ ಜನ ಅವರಲ್ಲ.

ಕಾನೂನು ಆ ವೇಳೆಗಾಗಲೇ ಬೇರೆ ದಿಕ್ಕಿಗೆ ಹೊರಟಿತ್ತು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದವನ್ನು 1908ರಲ್ಲಿ ಅದೇ ಬರ್ಲಿನ್ನಿನಲ್ಲಿ ಪರಿಷ್ಕರಿಸಿದಾಗ ನೋಂದಣಿಯಂಥ ಔಪಚಾರಿಕತೆಗಳನ್ನು ತೆಗೆದುಹಾಕಲಾಯಿತು. ಅಂದರೆ ಕೃತಿ ಹುಟ್ಟಿದ ಕ್ಷಣವೇ ಅದಕ್ಕೆ ಹಕ್ಕಿನ ಬೀಗ ಬೀಳುತ್ತದೆ. ಅರ್ಜಿ ಬೇಡ, ಮುದ್ರೆ ಬೇಡ. ಭಾರತ 1928ರಿಂದ ಈ ಒಪ್ಪಂದದಲ್ಲಿದೆ. ಅಮೆರಿಕ ಮಾತ್ರ ತನ್ನದೇ ಹಠದಲ್ಲಿ ದೂರ ಉಳಿದು 1989ರಲ್ಲಿ ಸೇರಿತು. ಕ್ಯಾಮರಾ ಕೆಲವರ ಕೈಯಲ್ಲಷ್ಟೇ ಇದ್ದಾಗ ಇದರಿಂದ ಜನಸಾಮಾನ್ಯರಿಗೆ ತೊಂದರೆಯಾಗಲಿಲ್ಲ. ಮನೆಗೆ ನಾಲ್ಕು ಕ್ಯಾಮರಾ ಬಂದ ಈ ಕಾಲದಲ್ಲಿ, ನೆರೆಮನೆಯ ಹುಡುಗ ತೆಗೆದ ಬೆಕ್ಕಿನ ಚಿತ್ರಕ್ಕೂ ಅವನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಕಾವಲಿದೆ ಎಂದರೆ ಸ್ವಲ್ಪ ಅತಿಯಾಯಿತೆಂದೇ ಅನ್ನಿಸುತ್ತದೆ.

ಈ ಕಾವಲು ಎಷ್ಟು ಬಿಗಿಯೆಂಬುದು ಅಮೆರಿಕದ ಖ್ಯಾತ ಶಿಲ್ಪಿ ಜೆಫ್ ಕೂನ್ಸ್‌ಗೆ 1992ರಲ್ಲಿ ಅರಿವಾಯಿತು. ಗಂಡ ಹೆಂಡತಿ ಎಂಟು ನಾಯಿಮರಿಗಳನ್ನು ಎತ್ತಿಕೊಂಡು ಕುಳಿತ ಛಾಯಾಚಿತ್ರವೊಂದರ ಕಾರ್ಡನ್ನು ಆತ ಕೊಂಡ. ಅದರಲ್ಲಿದ್ದ ಹಕ್ಕುಸ್ವಾಮ್ಯದ ಸೂಚನೆಯನ್ನು ಹರಿದು, ಇಟಲಿಯ ಕುಶಲಕರ್ಮಿಗಳಿಗೆ ಕಳಿಸಿ, ಹಾಗೇ ಶಿಲ್ಪ ಮಾಡಿಸಿದ. ಮೂರು ಪ್ರತಿಗಳು ಒಟ್ಟು 3,67,000 ಡಾಲರ್‌ಗೆ ಮಾರಾಟವಾದವು. ಚಿತ್ರ ತೆಗೆದ ಆರ್ಟ್ ರೋಜರ್ಸ್ ದಾವೆ ಹೂಡಿದರು. ಇದು ಸಮಾಜದ ವಿಡಂಬನೆ ಎಂಬ ವಾದವನ್ನು ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ.

ಅದೇ ವರ್ಷಗಳಲ್ಲಿ ಹಕ್ಕಿನ ಅವಧಿಯೂ ಉದ್ದವಾಗುತ್ತಿತ್ತು. ನಮ್ಮ ದೇಶದಲ್ಲಿ ರವೀಂದ್ರನಾಥ ಟ್ಯಾಗೋರರ ಕೃತಿಗಳು 1991ರ ಕೊನೆಗೆ ಮುಕ್ತವಾಗಬೇಕಿದ್ದವು. ಆಗ ಸರ್ಕಾರ ತರಾತುರಿಯಲ್ಲಿ ಅವಧಿಯನ್ನು 50ರಿಂದ 60 ವರ್ಷಕ್ಕೆ ಏರಿಸಿತು. ಅಮೆರಿಕ 1998ರಲ್ಲಿ ಇಪ್ಪತ್ತು ವರ್ಷ ಸೇರಿಸಿತು. ಹಳೆಯ ಪುಸ್ತಕಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿದ್ದ ಎರಿಕ್ ಎಲ್‌ಡ್ರೆಡ್ ಎಂಬಾತ ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ. ಅವನ ಪರ ವಾದಿಸಿದ್ದು ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್. 2003ರ ಜನವರಿಯಲ್ಲಿ ಏಳು-ಎರಡರ ಬಹುಮತದಲ್ಲಿ ಅವರು ಸೋತರು. ಆದರೆ ತೀರ್ಪಿಗೆ ಕಾಯದೆ ಲೆಸಿಗ್ ಮತ್ತು ಗೆಳೆಯರು ಇನ್ನೊಂದು ದಾರಿ ಹುಡುಕಿದ್ದರು. ಕಾನೂನನ್ನು ಬದಲಿಸಲಾಗದಿದ್ದರೆ ಬೇಡ, ಬೀಗದ ಕೈಯನ್ನು ಒಡೆಯನೇ ಮೊದಲೇ ಜನರಿಗೆ ಕೊಟ್ಟುಬಿಡಲಿ ಎಂಬುದು ಅವರ ಉಪಾಯ. 2001ರಲ್ಲಿ ಹುಟ್ಟಿದ ಅವರ ಸಂಸ್ಥೆ ಕ್ರಿಯೇಟಿವ್ ಕಾಮನ್ಸ್ ತನ್ನ ಮೊದಲ ಪರವಾನಗಿಗಳನ್ನು 2002ರ ಡಿಸೆಂಬರ್‌ನಲ್ಲಿ ಹೊರತಂದಿತು.

ಅದರ ವ್ಯಾಕರಣ ಬಹಳ ಸುಲಭ. ಇರುವುದು ನಾಲ್ಕೇ ಷರತ್ತು. ನನ್ನ ಹೆಸರು ಹೇಳಿ ಎಂಬುದು ಮೊದಲನೆಯದು. ವ್ಯಾಪಾರಕ್ಕೆ ಬಳಸಬೇಡಿ, ಬದಲಾಯಿಸಿ ಹಂಚಬೇಡಿ ಎಂಬವು ಇನ್ನೆರಡು. ನಾಲ್ಕನೆಯದು ಸ್ವಾರಸ್ಯದ್ದು: ಬದಲಾಯಿಸಿ, ಆದರೆ ನಾನು ಕೊಟ್ಟ ಷರತ್ತಿನಲ್ಲೇ ನೀವೂ ಮುಂದಿನವರಿಗೆ ಕೊಡಿ. ಇದನ್ನು ‘ಸಮಾನ ಹಂಚಿಕೆ’ ಎನ್ನೋಣ. ಹೆಸರು ಹೇಳುವುದು 2004ರ ಎರಡನೇ ಆವೃತ್ತಿಯಿಂದ ಎಲ್ಲಕ್ಕೂ ಕಡ್ಡಾಯವಾಯಿತು. ಈ ನಾಲ್ಕರ ಹೊಂದಾಣಿಕೆಯಿಂದ ಆರು ಪರವಾನಗಿಗಳು ಸಿದ್ಧವಾದವು. ಯಾವ ಷರತ್ತೂ ಬೇಡ ಎನ್ನುವವರಿಗೆ 2009ರಲ್ಲಿ ‘ಸಿಸಿ ಸೊನ್ನೆ’ ಎಂಬ ಸಂಪೂರ್ಣ ತ್ಯಾಗಪತ್ರವೂ ಬಂತು.

ಎರಡು ಮನೆ, ನಡುವೆ ಗೋಡೆ

ಆದರೆ ಈ ಹಾದಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಮೊದಲಿನದಲ್ಲ. ಗಣಕ ತಂತ್ರಾಂಶ ಎಲ್ಲರದೂ ಆಗಬೇಕೆಂದು 1983ರಲ್ಲಿ ಜಿಎನ್‌ಯು ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ‘ಸಮಾನ ಹಂಚಿಕೆ’ಯ ತತ್ವವನ್ನು ಅದಕ್ಕೂ ಬಹಳ ಮೊದಲೇ ಬಳಕೆಗೆ ತಂದಿದ್ದರು. ತಂತ್ರಾಂಶದ ಕೈಪಿಡಿಗಳಿಗಾಗಿ 2000ದಲ್ಲಿ ಅವರ ಬಳಗ ಒಂದು ದಾಖಲೆ ಪರವಾನಗಿಯನ್ನು ರೂಪಿಸಿತು. ಜಿಎಫ್‌ಡಿಎಲ್ ಎಂಬುದು ಅದರ ಕಿರುಹೆಸರು. ಪ್ಯಾರಿಸ್ಸಿನ ಕಲಾವಿದರೂ ಅದೇ ವರ್ಷ ‘ಮುಕ್ತ ಕಲಾ ಪರವಾನಗಿ’ ಎಂಬ ತಮ್ಮದೇ ಒಂದನ್ನು ಬರೆದುಕೊಂಡರು.

2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಕ್ರಿಯೇಟಿವ್ ಕಾಮನ್ಸ್‌ನ ಪರವಾನಗಿಗಳು ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ವಿಶ್ವಕೋಶ ಕೈಪಿಡಿಯ ಅಂಗಿ ತೊಟ್ಟುಕೊಂಡಿತು. ಲೇಖನಗಳಿಗೆ ಹೇಗೋ ಹೊಂದಿತು. ಚಿತ್ರಗಳಿಗೆ ಮಾತ್ರ ಆ ಅಂಗಿ ಬಿಗಿ. ಪ್ರತಿಯೊಂದು ಪ್ರತಿಯ ಜೊತೆಗೂ ಪರವಾನಗಿಯ ಪೂರ್ಣ ಪಠ್ಯ ಇರಬೇಕೆಂಬುದು ಅದರ ಷರತ್ತು. ನೂರು ಪುಟದ ಕೈಪಿಡಿಯ ಕೊನೆಗೆ ಕೆಲವು ಪುಟ ಸೇರಿಸುವುದು ದೊಡ್ಡ ಮಾತಲ್ಲ. ಆದರೆ ಜೋಗ ಜಲಪಾತದ ಒಂದು ಚಿತ್ರವನ್ನು ಅಂಚೆ ಕಾರ್ಡಿನಲ್ಲಿ ಮುದ್ರಿಸುವವನು ಅದರ ಹಿಂದೆ ಇಡೀ ಕಾನೂನು ದಾಖಲೆಯನ್ನು ಎಲ್ಲಿ ಅಚ್ಚು ಹಾಕಿಸಬೇಕು? ಕೆಲವು ಜಾಣ ಛಾಯಾಗ್ರಾಹಕರು ಬೇಕೆಂದೇ ಈ ಪರವಾನಗಿ ಹಿಡಿದುಕೊಂಡದ್ದುಂಟು. ಹೆಸರಿಗೆ ಮುಕ್ತ, ಮುದ್ರಿಸಲು ಹೊರಟರೆ ಫಜೀತಿ.

ನಿಜವಾದ ತೊಡಕು ಎದ್ದದ್ದು ಚಿತ್ರಗಳನ್ನು ಕೂಡಿಸುವಾಗ. ಜಿಎಫ್‌ಡಿಎಲ್ ಹೇಳುತ್ತಿತ್ತು: ನನ್ನಿಂದ ಹುಟ್ಟಿದ್ದೆಲ್ಲ ನನ್ನ ಷರತ್ತಿನಲ್ಲೇ ಇರಬೇಕು. ಕ್ರಿಯೇಟಿವ್ ಕಾಮನ್ಸ್‌ನ ಸಮಾನ ಹಂಚಿಕೆಯೂ ಅಕ್ಷರಶಃ ಅದನ್ನೇ ಹೇಳುತ್ತಿತ್ತು, ತನ್ನ ಪರವಾಗಿ. ಎರಡರ ಉದ್ದೇಶವೂ ಒಂದೇ, ಹಂಚಿದ್ದು ಹಂಚಿಕೆಯಲ್ಲೇ ಉಳಿಯಲಿ ಎಂಬುದು. ಆದರೆ ಆ ಮನೆಯ ಒಂದು ಚಿತ್ರ, ಈ ಮನೆಯ ಒಂದು ಚಿತ್ರ ಬೆರೆಸಿದರೆ ಹುಟ್ಟಿದ ಕೂಸು ಎರಡೂ ಮನೆಗೆ ಸಲ್ಲುವಂತಿರಲಿಲ್ಲ. ಒಂದರ ಷರತ್ತು ಪಾಲಿಸಿದರೆ ಇನ್ನೊಂದನ್ನು ಮುರಿದಂತೆ. ಬಿಟ್ಟುಕೊಡಲು ಸಿದ್ಧರಿದ್ದ ಇಬ್ಬರು ದಾನಿಗಳು ತಮ್ಮ ಮಾತಿನ ಅಕ್ಷರಗಳಿಂದಾಗಿ ಒಂದೇ ಪಂಕ್ತಿಯಲ್ಲಿ ಕೂರದಂತಾದರು. ವಿಪರ್ಯಾಸವೆಂದರೆ, ಹೆಸರು ಹೇಳಿದರೆ ಸಾಕು ಎಂದವರ ಚಿತ್ರಗಳು ಎಲ್ಲಿ ಬೇಕಾದರೂ ಹೋಗುತ್ತಿದ್ದವು. ಹಂಚಿಕೆಯನ್ನು ಕಾಪಾಡಲು ಹೆಚ್ಚು ಕಾಳಜಿ ವಹಿಸಿದವರ ಚಿತ್ರಗಳೇ ಸಿಕ್ಕಿಕೊಂಡವು.

ಸಾವಿರಾರು ಲೇಖಕರು, ಛಾಯಾಗ್ರಾಹಕರು ಆಗಲೇ ಕೊಡುಗೆ ನೀಡಿದ್ದರು. ಒಬ್ಬೊಬ್ಬರನ್ನೂ ಹುಡುಕಿ ‘ಪರವಾನಗಿ ಬದಲಿಸಲು ಒಪ್ಪಿಗೆಯೇ’ ಎಂದು ಕೇಳುವುದು ಆಗದ ಮಾತು. ಕೊನೆಗೆ ಕೀಲಿ ಸಿಕ್ಕಿದ್ದು ಜಿಎಫ್‌ಡಿಎಲ್‌ನ ಒಳಗೇ. ‘ಈ ಆವೃತ್ತಿ ಅಥವಾ ಮುಂದೆ ಬರುವ ಯಾವುದೇ ಆವೃತ್ತಿ’ ಎಂಬ ಮಾತಿನಡಿ ಬಹಳಷ್ಟು ಜನ ತಮ್ಮ ಕೃತಿ ಕೊಟ್ಟಿದ್ದರು. ಹಾಗಾದರೆ ಮುಂದಿನ ಆವೃತ್ತಿಯಲ್ಲೇ ಒಂದು ಕಿಟಕಿ ಇಟ್ಟರಾಯಿತಲ್ಲ! ಬಹಳ ಮಾತುಕತೆಯ ಬಳಿಕ 2008ರ ನವೆಂಬರ್‌ನಲ್ಲಿ ಸ್ಟಾಲ್‌ಮನ್ ಬಳಗ 1.3ನೇ ಆವೃತ್ತಿ ಹೊರಡಿಸಿತು. ವಿಕಿಪೀಡಿಯದಂಥ ತಾಣಗಳು ಬಯಸಿದರೆ ಕ್ರಿಯೇಟಿವ್ ಕಾಮನ್ಸ್ ಸಮಾನ ಹಂಚಿಕೆಗೆ ಬದಲಾಗಬಹುದು, ಆದರೆ 2009ರ ಆಗಸ್ಟ್ 1ರೊಳಗೆ. ಗಡುವು ದಾಟಿದರೆ ಕಿಟಕಿ ಮುಚ್ಚುತ್ತದೆ.

2009ರ ವಸಂತದಲ್ಲಿ ವಿಕಿಪೀಡಿಯದ ಕಾರ್ಯಕರ್ತರ ಮತ ಕೇಳಲಾಯಿತು. ಹದಿನೇಳು ಸಾವಿರಕ್ಕೂ ಹೆಚ್ಚು ಮತಗಳಲ್ಲಿ ಶೇ 75ಕ್ಕೂ ಹೆಚ್ಚು ಬದಲಾವಣೆಯ ಪರವಾಗಿದ್ದವು. ಜೂನ್‌ನಲ್ಲಿ ಬದಲಾವಣೆ ಜಾರಿಗೆ ಬಂತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಎಲ್ಲ ಭಾಷೆಗಳ ಜೊತೆಗೆ ಅಂದೇ ಹೊಸ ಷರತ್ತಿಗೆ ಬಂದಿತು. ಹಳೆಯ ಚಿತ್ರಗಳಿಗೂ ಎರಡನೇ ಪರವಾನಗಿ ಸೇರಿತು. ‘1.2ನೇ ಆವೃತ್ತಿ ಮಾತ್ರ’ ಎಂದು ಬರೆದಿದ್ದವರ ಚಿತ್ರಗಳು ಹೊರಗೇ ಉಳಿದವು, ಇಂದಿಗೂ ಹೊರಗಿವೆ. ‘ಅಥವಾ ಮುಂದಿನದು’ ಎಂಬ ಎರಡು ಪದ ಬರೆಯದೆ ಹೋದದ್ದರ ಪರಿಣಾಮ ಅದು. ಪ್ಯಾರಿಸ್ಸಿನವರ ಮುಕ್ತ ಕಲಾ ಪರವಾನಗಿಯ ಜೊತೆಗಿನ ಗೋಡೆ ಬಿದ್ದದ್ದು ಇನ್ನೂ ತಡವಾಗಿ, 2014ರಲ್ಲಿ.

ದಸರಾ ಚಿತ್ರದ ಲೆಕ್ಕ

ಇಷ್ಟು ಹಿನ್ನೆಲೆಯೊಂದಿಗೆ ಒಂದು ಉದಾಹರಣೆ ನೋಡೋಣ. ಮೈಸೂರು ದಸರಾ ಬಗ್ಗೆ ಒಬ್ಬರು ಕೂಡು ಚಿತ್ರ ಮಾಡುತ್ತಾರೆಂದು ಊಹಿಸಿ. ದೀಪಾಲಂಕಾರದ ಅರಮನೆಯ ಚಿತ್ರ ‘ಹೆಸರು ಹೇಳಿ’ ಪರವಾನಗಿಯದು. ಅಂಬಾರಿ ಆನೆಯ ಚಿತ್ರ ಸಮಾನ ಹಂಚಿಕೆಯದು. ಚಾಮುಂಡಿ ಬೆಟ್ಟದ ಮಹಿಷಾಸುರನ ಚಿತ್ರವನ್ನು ತೆಗೆದವರು ಸಿಸಿ ಸೊನ್ನೆಯಡಿ ಬಿಟ್ಟುಕೊಟ್ಟಿದ್ದಾರೆ. ನಾಲ್ಕನೆಯದು 1930ರ ದಶಕದಲ್ಲಿ ಇಲ್ಲಿ ಪ್ರಕಟವಾದ ಮೆರವಣಿಗೆಯ ಚಿತ್ರ, ಅದರ ಅವಧಿ ಎಂದೋ ಮುಗಿದಿದೆ. ಅರಮನೆಯ ಮುಂದೆ ಆನೆ ಬರುವಂತೆ, ಆಕಾಶದಲ್ಲಿ ಮಹಿಷಾಸುರ ತೇಲುವಂತೆ, ಹಳೆಯ ಮೆರವಣಿಗೆ ಮಸುಕಾಗಿ ಕಾಣುವಂತೆ ಬೆರೆಸಿದರೆ, ಇಡೀ ಚಿತ್ರ ಸಮಾನ ಹಂಚಿಕೆಯಡಿಯಲ್ಲೇ ಹೊರಬರಬೇಕು. ನಾಲ್ಕರಲ್ಲಿ ಮೂರು ಚಿತ್ರಗಳಿಗೆ ಆ ಷರತ್ತಿಲ್ಲವಲ್ಲ ಎಂದು ವಾದಿಸುವಂತಿಲ್ಲ. ಆನೆಯ ಒಡೆಯರ ಮಾತು ಎಲ್ಲಕ್ಕೂ ಅನ್ವಯ. ಹಾಗೆಂದು ಅರಮನೆಯ ಮೂಲ ಚಿತ್ರವೇನೂ ಬದಲಾಗುವುದಿಲ್ಲ; ಅದನ್ನಷ್ಟೇ ಬೇಕೆನ್ನುವವರು ಹಿಂದಿನ ಸಡಿಲ ಷರತ್ತಿನಲ್ಲೇ ತೆಗೆದುಕೊಳ್ಳಬಹುದು. ಹೊಸ ಪರವಾನಗಿ ಅನ್ವಯಿಸುವುದು ಬೆರೆಸಿದವರು ಸೇರಿಸಿದ್ದಕ್ಕೆ ಮಾತ್ರ.

ಈಗ ಅರಮನೆಯ ಚಿತ್ರ ಬಿಟ್ಟು ‘ವ್ಯಾಪಾರ ನಿಷಿದ್ಧ’ ಎಂಬ ಷರತ್ತಿನ ದೇವರಾಜ ಮಾರುಕಟ್ಟೆಯ ಚಿತ್ರವನ್ನು ಸೇರಿಸಿ. ಕೆಲಸ ಕೆಟ್ಟಿತು. ಆನೆಯವರು ವ್ಯಾಪಾರಕ್ಕೂ ಬಿಡಬೇಕು ಎನ್ನುತ್ತಾರೆ, ಮಾರುಕಟ್ಟೆಯವರು ಬಿಡಬಾರದು ಎನ್ನುತ್ತಾರೆ. ಇಬ್ಬರನ್ನೂ ಒಪ್ಪಿಸುವ ಪರವಾನಗಿ ಜಗತ್ತಿನಲ್ಲಿ ಇಲ್ಲ. ಆನೆಯನ್ನು ಬಿಟ್ಟರೆ ಮಾತ್ರ ಉಳಿದದ್ದು ಕೂಡುತ್ತದೆ, ಆಗ ಇಡೀ ಚಿತ್ರಕ್ಕೆ ವ್ಯಾಪಾರ ನಿಷೇಧ ಅಂಟಿಕೊಳ್ಳುತ್ತದೆ. ಇನ್ನು ‘ಬದಲಾವಣೆ ನಿಷಿದ್ಧ’ ಎಂದ ಚಿತ್ರವಂತೂ ಬೆರಕೆಗೆ ಬರುವುದೇ ಇಲ್ಲ. ಮನೆಯಲ್ಲಿ ಮಾಡಿ ನೋಡಿಕೊಳ್ಳಬಹುದು, ಪ್ರಕಟಿಸುವಂತಿಲ್ಲ. ಯಾವ ಪರವಾನಗಿಯೂ ಕಾಣದ ಚಿತ್ರಕ್ಕೆ ಪೂರ್ಣ ಹಕ್ಕು ಕಾಯ್ದಿರಿಸಿದೆ ಎಂದೇ ಅರ್ಥ. ‘ಚಿತ್ರಕೃಪೆ: ಅಂತರ್ಜಾಲ’ ಎಂದು ಬರೆಯುವ ರೂಢಿ ಫ್ಲೆಕ್ಸ್‌ಗಳಿಗಷ್ಟೇ ಸೀಮಿತವಲ್ಲ, ಪುಸ್ತಕಗಳಲ್ಲೂ ಪತ್ರಿಕೆಗಳಲ್ಲೂ ಕಾಣುತ್ತದೆ. ಅಂತರ್ಜಾಲ ಇಂದಿನವರೆಗೆ ಒಂದೂ ಚಿತ್ರ ತೆಗೆದಿಲ್ಲ.

ಪಕ್ಕದಲ್ಲೋ, ಒಳಗೋ?

ಬೆರೆಸದೆ, ಅದೇ ಚಿತ್ರಗಳನ್ನು ಆಲ್ಬಮ್ಮಿನಲ್ಲಿ ಅಂಟಿಸಿದಂತೆ ಪಕ್ಕ ಪಕ್ಕ ಇಟ್ಟರೆ? ಆಗ ಅದು ‘ಸಂಗ್ರಹ’. ಪ್ರತಿ ಚಿತ್ರವೂ ತನ್ನ ತನ್ನ ಷರತ್ತಿನೊಂದಿಗೆ ಇರುತ್ತದೆ. ಸಮಾನ ಹಂಚಿಕೆ ಪಕ್ಕದ ಚಿತ್ರಕ್ಕೆ ಹರಡುವುದಿಲ್ಲ.

ಈ ಗೆರೆ ಎಲ್ಲಿದೆ ಎಂಬುದನ್ನು ಅಮೆರಿಕದ ನ್ಯಾಯಾಲಯವೊಂದು 2015ರಲ್ಲಿ ಪರಿಶೀಲಿಸಬೇಕಾಗಿ ಬಂತು. ಆರ್ಟ್ ಡ್ರಾಗ್ಲಿಸ್ ಎಂಬ ಛಾಯಾಗ್ರಾಹಕರು ಮೇರಿಲ್ಯಾಂಡ್ ರಾಜ್ಯದ ಕಾಲುವೆಯೊಂದರ ಚಿತ್ರವನ್ನು ಸಮಾನ ಹಂಚಿಕೆಯಡಿ ಬಿಟ್ಟಿದ್ದರು. ಕಪ್ಪಾ ಎಂಬ ಭೂಪಟ ಕಂಪನಿ ಅದನ್ನು ತನ್ನ ರಸ್ತೆ ನಕ್ಷೆಗಳ ಪುಸ್ತಕದ ಮುಖಪುಟಕ್ಕೆ ಹಾಕಿ, ಹಿಂಬದಿಯಲ್ಲಿ ಅವರ ಹೆಸರನ್ನೂ ಪರವಾನಗಿಯ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಮುದ್ರಿಸಿ ಮಾರಿತು. ಹಾಗಿದ್ದರೆ ಇಡೀ ನಕ್ಷೆ ಪುಸ್ತಕವನ್ನೂ ಸಮಾನ ಹಂಚಿಕೆಯಡಿ ಬಿಡಬೇಕಿತ್ತು ಎಂದು ಡ್ರಾಗ್ಲಿಸ್ ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಒಳಗಿನ ನಕ್ಷೆಗಳು ಆ ಚಿತ್ರವನ್ನು ಆಧರಿಸಿ ಮಾಡಿದವಲ್ಲ, ಪುಸ್ತಕ ಒಂದು ಸಂಗ್ರಹ ಮಾತ್ರ ಎಂದಿತು. ಛಾಯಾಗ್ರಾಹಕರಿಗೆ ಬೇಸರವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ತೀರ್ಪು ಸರಿಯೆಂದೇ ತೋರುತ್ತದೆ. ಮುಖಪುಟದ ಒಂದು ಚಿತ್ರ ಇಡೀ ಪುಸ್ತಕವನ್ನು ಎಳೆದೊಯ್ಯುವುದಾದರೆ ಸಮಾನ ಹಂಚಿಕೆಯ ಚಿತ್ರಗಳನ್ನು ಪ್ರಕಾಶಕರು ಕೈಯಿಂದಲೂ ಮುಟ್ಟುತ್ತಿರಲಿಲ್ಲ.

ಚೌಕಳಿಗಳಲ್ಲಿ ಜೋಡಿಸಿದ ನಗರದ ಚಿತ್ರಗುಚ್ಛ ಸಂಗ್ರಹವೋ ಹೊಸ ಕೃತಿಯೋ ಎಂಬ ಬಗ್ಗೆ ತಿಳಿದವರಲ್ಲೇ ಎರಡು ಮಾತಿದೆ. ಪ್ರತಿ ಚಿತ್ರವೂ ಬೇರೆಯಾಗಿ ಗುರುತು ಸಿಗುತ್ತದೆ ನಿಜ. ಆದರೆ ಅಂಚು ಕತ್ತರಿಸಿ, ಬಣ್ಣ ಹೊಂದಿಸಿ ಒಂದೇ ಕಡತವಾಗಿ ಮಾಡಿದ್ದಾರೆ. ಅನುಮಾನವಿದ್ದಲ್ಲಿ ಅದನ್ನು ಬೆರಕೆಯೆಂದೇ ಬಗೆದು, ಇರುವುದರಲ್ಲಿ ಬಿಗಿಯಾದ ಷರತ್ತನ್ನು ಪಾಲಿಸುವುದು ಕ್ಷೇಮ.

ವ್ಯಾಪಾರವೆಂದರೇನು ಎಂಬ ಪ್ರಶ್ನೆ ಜರ್ಮನಿಯಲ್ಲಿ ಎದ್ದಿತು. ಸಾರ್ವಜನಿಕ ಬಾನುಲಿ ಸಂಸ್ಥೆ ಡಾಯ್ಚ್‌ಲಾಂಡ್‌ರಾಡಿಯೋ ತನ್ನ ತಾಣದಲ್ಲಿ ‘ವ್ಯಾಪಾರ ನಿಷಿದ್ಧ’ ಚಿತ್ರವೊಂದನ್ನು ಬಳಸಿತ್ತು. ಖಾಸಗಿ ಬಳಕೆ ಬಿಟ್ಟು ಉಳಿದದ್ದೆಲ್ಲ ವ್ಯಾಪಾರವೇ ಎಂದು 2014ರ ಮಾರ್ಚ್‌ನಲ್ಲಿ ಕಲೋನ್‌ನ ಕೆಳ ನ್ಯಾಯಾಲಯ ಹೇಳಿತು. ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆದರೂ ಬಾನುಲಿ ಪೂರ್ತಿ ಪಾರಾಗಲಿಲ್ಲ. ಚಿತ್ರದ ಅಂಚು ಕತ್ತರಿಸುವಾಗ ಅದರೊಳಗೇ ಇದ್ದ ಛಾಯಾಗ್ರಾಹಕನ ಹೆಸರೂ ಕತ್ತರಿಸಿ ಹೋಗಿತ್ತು. ಅದೊಂದೇ ತಪ್ಪು ಸಾಕಾಯಿತು.

ಕೂಡು ಚಿತ್ರ ಮಾಡುವವರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಪರವಾನಗಿಯ ಗೊಂದಲಕ್ಕಿಂತ ಹೆಸರು ಬಿಟ್ಟುಹೋಗುವುದು ಹೆಚ್ಚು. ನಾಲ್ಕು ಚಿತ್ರವಿದ್ದರೆ ನಾಲ್ಕು ಹೆಸರು, ನಾಲ್ಕು ಮೂಲ, ನಾಲ್ಕು ಪರವಾನಗಿ, ಏನು ಬದಲಿಸಿದೆ ಎಂಬ ಮಾತು, ಇಷ್ಟೂ ಬರೆಯಬೇಕು. ಗಾಯಕ ಟೆಡ್ ನ್ಯೂಜೆಂಟ್‌ನ ಚಿತ್ರವೊಂದನ್ನು ಲ್ಯಾರಿ ಫಿಲ್‌ಪಾಟ್ ಎಂಬ ಛಾಯಾಗ್ರಾಹಕರು ‘ಹೆಸರು ಹೇಳಿ’ ಷರತ್ತಿನಲ್ಲಿ ಬಿಟ್ಟಿದ್ದರು. ಅಮೆರಿಕದ ಸುದ್ದಿತಾಣವೊಂದು ಹೆಸರು ಹೇಳದೆ ಬಳಸಿತು. ಆ ಲೇಖನದಿಂದ ಅದಕ್ಕೆ ಬಂದ ಜಾಹೀರಾತು ಆದಾಯ ಎರಡು ಮೂರು ಡಾಲರ್. ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2024ರ ಫೆಬ್ರುವರಿಯಲ್ಲಿ ತಾಣದ ವಿರುದ್ಧ ತೀರ್ಪು ಬಂತು. ಹಳೆಯ ಆವೃತ್ತಿಗಳಲ್ಲಿ ಷರತ್ತು ಮುರಿದ ಕ್ಷಣವೇ ಪರವಾನಗಿ ರದ್ದಾಗುತ್ತದೆ. ಇದನ್ನೇ ಬಂಡವಾಳ ಮಾಡಿಕೊಂಡು ನೋಟಿಸ್ ಕಳಿಸುವವರೂ ಹುಟ್ಟಿಕೊಂಡರು. 2013ರ ನವೆಂಬರ್‌ನಲ್ಲಿ ಬಂದ 4.0 ಆವೃತ್ತಿ ಸ್ವಲ್ಪ ಉದಾರಿ: ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿಕೊಂಡರೆ ಪರವಾನಗಿ ತಾನಾಗಿ ಮತ್ತೆ ಜೀವ ಪಡೆಯುತ್ತದೆ.

ಹೆಸರು, ಷರತ್ತು ಎಲ್ಲ ಸರಿಯಾಗಿದ್ದರೂ ಮುಗಿಯಲಿಲ್ಲ. 2007ರಲ್ಲಿ ಆಸ್ಟ್ರೇಲಿಯದ ಮೊಬೈಲ್ ಕಂಪನಿಯೊಂದು ‘ಹೆಸರು ಹೇಳಿ’ ಪರವಾನಗಿಯ ಚಿತ್ರವನ್ನು ತನ್ನ ಜಾಹೀರಾತಿಗೆ ಹಾಕಿತು. ಅದರಲ್ಲಿದ್ದವಳು ಅಮೆರಿಕದ ಹದಿಹರೆಯದ ಹುಡುಗಿ. ಜಾಹೀರಾತಿನ ಒಕ್ಕಣೆ ಅವಳನ್ನು ಗೇಲಿ ಮಾಡುವಂತಿತ್ತು. ಮನೆಯವರು ಟೆಕ್ಸಸ್‌ನಲ್ಲಿ ದಾವೆ ಹೂಡಿದರು. ಕಂಪನಿ ಅಲ್ಲಿನ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂದು 2009ರಲ್ಲಿ ಅದು ವಜಾ ಆಯಿತು. ಪರವಾನಗಿ ಕೊಟ್ಟವನು ಚಿತ್ರ ತೆಗೆದವನು. ಚಿತ್ರದಲ್ಲಿರುವವಳ ಒಪ್ಪಿಗೆಯನ್ನು ಅವನು ಕೊಡಲಾರ. ಜಾತ್ರೆಯ ಗುಂಪಿನಿಂದ ಒಂದು ಮುಖವನ್ನು ಕತ್ತರಿಸಿ ಇನ್ನೊಂದು ಹಿನ್ನೆಲೆಯಲ್ಲಿ ಕೂರಿಸುವವರು ಈ ಮಾತನ್ನು ಗಮನಿಸಬೇಕು. ಇಲ್ಲಿ ಕೇಡಾಗುವುದು ಯಾವ ಷರತ್ತಿಗೂ ಸಹಿ ಹಾಕದ ಮೂರನೆಯವರಿಗೆ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಕೂಡು ಚಿತ್ರದವರಿಗೆ ಸಂಬಂಧಿಸಿದ ಕೆಲವು ಅಂಶಗಳಿವೆ. ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿ ನಿಂತ ಶಿಲ್ಪದ ಚಿತ್ರ ತೆಗೆದು ಪ್ರಕಟಿಸಲು ಶಿಲ್ಪಿಯ ಅನುಮತಿ ಬೇಡ, ಕಟ್ಟಡಗಳಿಗೂ ಅದೇ ರಿಯಾಯಿತಿ. ಮಹಿಷಾಸುರನ ಚಿತ್ರ ತೆಗೆದವರು ಅದನ್ನು ಧೈರ್ಯವಾಗಿ ಬಿಟ್ಟುಕೊಡಲು ಸಾಧ್ಯವಾಗುವುದು ಇದರಿಂದಲೇ. ಆದರೆ ಗೋಡೆಯ ಮೇಲಿನ ವರ್ಣಚಿತ್ರಕ್ಕೆ ಈ ರಿಯಾಯಿತಿ ಇಲ್ಲ. ಬೀದಿಯ ಗೋಡೆಯಲ್ಲಿ ಬರೆದ ಚಿತ್ರವನ್ನು ಕ್ಯಾಮರಾದಲ್ಲಿ ಹಿಡಿದು ‘ಸಮಾನ ಹಂಚಿಕೆ’ ಎಂದು ಬರೆದರೆ, ತನ್ನದಲ್ಲದ ಜಮೀನಿಗೆ ದಾನಪತ್ರ ಬರೆದಂತೆ. ಅದನ್ನು ನಂಬಿ ಬೆರಕೆಗೆ ಬಳಸಿದವರ ಚಿತ್ರವೂ ಕೆಡುತ್ತದೆ. 2012ರ ತಿದ್ದುಪಡಿ ಛಾಯಾಚಿತ್ರಗಳ ಅವಧಿಯನ್ನು ಪ್ರಕಟಣೆಯಿಂದ 60 ವರ್ಷ ಎಂಬುದರ ಬದಲು ಛಾಯಾಗ್ರಾಹಕರ ಜೀವಿತಾವಧಿಗೆ ಜೋಡಿಸಿ ಉದ್ದಮಾಡಿತು. ಅದೇ ತಿದ್ದುಪಡಿ, ಹಕ್ಕನ್ನು ಸಾರ್ವಜನಿಕ ಪ್ರಕಟಣೆಯೊಂದರ ಮೂಲಕವೇ ತ್ಯಜಿಸಲೂ ದಾರಿ ಮಾಡಿಕೊಟ್ಟಿತು.

2023ರ ಜೂನ್‌ನಲ್ಲಿ ವಿಕಿಪೀಡಿಯ ತನ್ನ ಬರಹಗಳನ್ನು 3.0ರಿಂದ 4.0 ಆವೃತ್ತಿಗೆ ಒಯ್ದಿತು. ಆದರೆ ಸಮಾನ ಹಂಚಿಕೆಯ ಮೊಟ್ಟಮೊದಲ 1.0 ಆವೃತ್ತಿಯಲ್ಲಿ ‘ಮುಂದಿನ ಆವೃತ್ತಿಯೂ ಆದೀತು’ ಎಂಬ ಮಾತಿರಲಿಲ್ಲ. ಆ ಕಾಲದಲ್ಲಿ ಉತ್ಸಾಹದಿಂದ ಕೊಟ್ಟ ಚಿತ್ರಗಳು ತಮ್ಮ ತಮ್ಮಿಯಂಥ 2.0, 4.0ಗಳ ಜೊತೆಗೂ ಬೆರೆಯುವುದಿಲ್ಲ. ಇದಕ್ಕೆ ಔಷಧಿ ಒಂದೇ, ಚಿತ್ರ ತೆಗೆದವರಿಗೆ ಪತ್ರ ಬರೆದು ಕೇಳುವುದು. ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದಿದ್ದರೂ ಅದರ ಜೊತೆಗೆ ಇನ್ನೊಂದನ್ನು ಕೊಡಲು ಅಡ್ಡಿಯಿಲ್ಲ. ಇದನ್ನು ಮೊದಲೇ ಊಹಿಸಿದ ಕೆಲವರು ಎರಡು, ಮೂರು ಪರವಾನಗಿಗಳನ್ನು ಒಟ್ಟಿಗೇ ಹಾಕಿಟ್ಟರು. ಅವರ ಚಿತ್ರಗಳ ಕೆಳಗೆ, ಇವುಗಳಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು ಎಂಬ ಸಾಲು ಇಂದಿಗೂ ಕಾಣುತ್ತದೆ.